ತೇಗ, ಹೆಬ್ಬೇವಿನ ತೋಪಿಗೆ ಗೊಬ್ಬರ: ಯಾವಾಗ, ಎಷ್ಟು, ಎಲ್ಲಿ

ಹೊಲದ ಬೆಳೆಯ ಲೆಕ್ಕವನ್ನೇ ಮರಕ್ಕೂ ಹಚ್ಚಿ ಗೊಬ್ಬರ ಸುರಿದರೆ ದುಡ್ಡು ನೀರುಪಾಲಾಗುತ್ತದೆ. ರಾಗಿ ನಾಲ್ಕು ತಿಂಗಳಲ್ಲಿ ಹೀರಿದ್ದು ತೆನೆ, ಹುಲ್ಲಿನ ಜೊತೆ ಹೊಲ ಬಿಟ್ಟು ಹೋಗುತ್ತದೆ. ಮರುವರ್ಷ ಮತ್ತೆ ಕೊಡಲೇಬೇಕು. ಮರದ ದಾರಿ ಬೇರೆ. ಎಲೆ ಹಣ್ಣಾಗುವಾಗ ಅದರಲ್ಲಿನ ಸಾರಜನಕ, ರಂಜಕ, ಪೊಟ್ಯಾಷ್‌ನಲ್ಲಿ ಒಂದು ಪಾಲನ್ನು ಮರ ರೆಂಬೆಗೆ ಎಳೆದುಕೊಂಡು ಮುಂದಿನ ಚಿಗುರಿಗೆ ಕೂಡಿಡುತ್ತದೆ. ಉಳಿದದ್ದು ತರಗೆಲೆಯಾಗಿ ಬುಡಕ್ಕೆ ಬೀಳುತ್ತದೆ, ಮಳೆಗಾಲದಲ್ಲಿ ಕೊಳೆತು ಮತ್ತೆ ಬೇರಿಗೆ ಸಿಗುತ್ತದೆ. ದಿಮ್ಮಿಯೊಳಗೆ ಉಳಿಯುವ ಪೋಷಕಾಂಶ ಅದರ ತೂಕಕ್ಕೆ ಹೋಲಿಸಿದರೆ ಬಲು ಕಡಿಮೆ.

ಹಾಗಾಗಿ ನೆಡುತೋಪಿಗೆ ಹೊರಗಿನ ಗೊಬ್ಬರ ನಿಜವಾಗಿ ಬೇಕಾಗುವುದು ಎರಡೇ ಹೊತ್ತಿನಲ್ಲಿ. ಮೊದಲನೆಯದು ನೆಟ್ಟ ದಿನದಿಂದ ನೆತ್ತಿ ಕೂಡುವವರೆಗೆ, ಅಂದರೆ ಅಕ್ಕಪಕ್ಕದ ಸಾಲಿನ ಕೊಂಬೆಗಳು ತಾಗಿ ನೆಲಕ್ಕೆ ಬಿಸಿಲು ಬೀಳುವುದು ನಿಲ್ಲುವವರೆಗೆ. ಆ ಅವಧಿಯಲ್ಲಿ ಗಿಡ ಸೊನ್ನೆಯಿಂದ ಎಲೆಯ ರಾಶಿ ಕಟ್ಟುತ್ತಿರುತ್ತದೆ, ಬೇರು ಇನ್ನೂ ಚಿಕ್ಕದು, ಬುಡದಲ್ಲಿ ತರಗೆಲೆ ಇಲ್ಲ. 3×3 ಮೀಟರ್ ಅಂತರದಲ್ಲಿ ಹೆಬ್ಬೇವಿಗೆ ಇದು ಸಾಧಾರಣವಾಗಿ 2–3 ವರ್ಷ, ತೇಗಕ್ಕೆ 4–5 ವರ್ಷ. ಎರಡನೆಯದು ಮರ ಬಿಡಿಸಿ ತೆಗೆದ ಮೇಲೆ, ಅಂದರೆ ಒತ್ತಾಗಿ ಬೆಳೆದವುಗಳಲ್ಲಿ ಕೆಲವನ್ನು ಕಡಿದ ಮೇಲೆ, ಉಳಿದವು ಖಾಲಿಯಾದ ಜಾಗಕ್ಕೆ ಹೊಸ ಎಲೆ ತುಂಬುವಾಗ. ಈ ಎರಡರ ನಡುವಿನ ವರ್ಷಗಳಲ್ಲಿ ಚೀಲ ಹೊರುವುದಕ್ಕಿಂತ ತರಗೆಲೆ ಕಾಯುವುದೇ ದೊಡ್ಡ ಕೆಲಸ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಮಳೆ 700 ಮಿ.ಮೀ. ದಾಟದ ಬಯಲುಸೀಮೆಯಲ್ಲಿ ಮರದ ಬೆಳವಣಿಗೆಯನ್ನು ಹಿಡಿದಿಡುವುದು ಬಹುತೇಕ ನೀರಿನ ಕೊರತೆ. ಅಲ್ಲಿ ಮಳೆನೀರು ಹಿಡಿದು ಇಂಗಿಸದೆ ಯೂರಿಯಾ ಕೊಟ್ಟರೆ ಎಲೆ ಹೆಚ್ಚುತ್ತದೆ, ಎಲೆ ಹೆಚ್ಚಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ, ಮಾರ್ಚಿನಲ್ಲಿ ತುದಿ ಒಣಗುತ್ತದೆ. ಮೊದಲು ಇಳಿಜಾರಿಗೆ ಅಡ್ಡಲಾಗಿ ಕಾಲುವೆ-ಬದು, ಗಿಡಕ್ಕೊಂದು ಪಾತಿ, ಆಮೇಲೆ ಗೊಬ್ಬರ.

ಮಣ್ಣು ತೆಗೆಯುವ ಬಗೆ

ಮಣ್ಣು ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಬಹುದು. ರಾಗಿ, ಜೋಳಕ್ಕೆ ಒಂದು ಗೇಣು ಆಳದ ಮಣ್ಣು ಸಾಕು, ಮರಕ್ಕೆ ಸಾಲದು. ಎಕರೆಗೆ 8–10 ಕಡೆ ಗುಂಡಿ ತೆಗೆದು, 0–30 ಸೆಂ.ಮೀ. ಮಣ್ಣನ್ನು ಒಂದು ಬಕೆಟ್ಟಿಗೂ 30–60 ಸೆಂ.ಮೀ. ಮಣ್ಣನ್ನು ಇನ್ನೊಂದಕ್ಕೂ ಹಾಕಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ಕೆರೆದು ತೆಗೆಯಬೇಕು. ಬರೀ ಮೇಲ್ಮಣ್ಣು ಹೆಚ್ಚು ಬಿದ್ದರೆ ವರದಿ ಸುಳ್ಳಾಗುತ್ತದೆ. ಬದುವಿನ ಅಂಚು, ತಿಪ್ಪೆ ಇದ್ದ ಜಾಗ, ಹಳೆಯ ಮರದ ಬುಡ, ಕಸ ಸುಟ್ಟ ಬೂದಿಯ ಜಾಗ ಬಿಟ್ಟುಬಿಡಿ. ಪ್ರತಿ ಬಕೆಟ್ಟಿನ ಮಣ್ಣನ್ನು ಗೋಣಿಯ ಮೇಲೆ ಹರವಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ತೆಗೆದುಹಾಕಿ, ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೆಯೇ ಮಾಡಿ ನೆರಳಿನಲ್ಲಿ ಒಣಗಿಸಿ.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. ತೇಗ ಸುಣ್ಣ ಬೇಡುವ ಮರ, 6.5ರಿಂದ 7.5ರ ನಡುವೆ ಚೆನ್ನಾಗಿ ಬರುತ್ತದೆ. ಕರಾವಳಿ, ಮಲೆನಾಡಿನ 5.5ಕ್ಕಿಂತ ಕೆಳಗಿನ ಹುಳಿಮಣ್ಣಿನಲ್ಲಿ ಸುಣ್ಣ ಕೊಡದೆ ತೇಗ ನೆಟ್ಟರೆ ಏಳುವುದಿಲ್ಲ. ಅಲ್ಲಿ ರಂಜಕವನ್ನೂ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಮುಂದೆ ಹೇಳುವ ಯೂರಿಯಾ ಪ್ರಮಾಣ ಪೂರ್ತಿ ಬೇಕು; ಶೇ 0.75 ದಾಟಿದ್ದರೆ ಅರ್ಧ ಸಾಕು. ಪೊಟ್ಯಾಷ್ ‘ಹೆಚ್ಚು’ ಎಂದಿದ್ದರೆ (ಕಪ್ಪುಮಣ್ಣಿನಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ) ಮೊದಲೆರಡು ವರ್ಷ ಅದನ್ನು ಬಿಟ್ಟುಬಿಡಬಹುದು. ಸತು 0.6 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.6 ಪಾಲು), ಬೋರಾನ್ 0.5 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ ಎಂದೇ ತಿಳಿಯಿರಿ. ಕರ್ನಾಟಕದಲ್ಲಿ 2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಜಿಲ್ಲೆ ಜಿಲ್ಲೆಯಲ್ಲೂ ಕಂಡಿತು. ಅದು ಖುಷ್ಕಿ ಹೊಲಗಳ ಕತೆ. ಇವತ್ತು ತೇಗ, ಹೆಬ್ಬೇವು ಹೋಗುತ್ತಿರುವುದೂ ಅದೇ ಹೊಲಗಳಿಗೆ.

30–60 ಸೆಂ.ಮೀ. ಆಳದಲ್ಲಿ ಮಣ್ಣಿನ ಬದಲು ಗಟ್ಟಿ ಜಂಬಿಟ್ಟಿಗೆ ಸಿಕ್ಕಿದರೆ, ಅಥವಾ ಗುಂಡಿಯಲ್ಲಿ ಮಳೆನೀರು ದಿನಗಟ್ಟಲೆ ನಿಂತರೆ, ಅಲ್ಲಿ ತೇಗ ಬೇಡ. ಯಾವ ಗೊಬ್ಬರವೂ ಅದನ್ನು ಸರಿಮಾಡುವುದಿಲ್ಲ.

ಗುಂಡಿ

45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲ್‌ನಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಪಕ್ಕ, ಕೆಳಮಣ್ಣು ಇನ್ನೊಂದು ಪಕ್ಕ ರಾಶಿಯಾಗಲಿ. ಪಿಎಚ್ 5.5ಕ್ಕಿಂತ ಕಡಿಮೆಯಿದ್ದರೆ ಗುಂಡಿಯೊಂದಕ್ಕೆ 200–250 ಗ್ರಾಂ ಕೃಷಿ ಸುಣ್ಣ ಅಥವಾ ಡಾಲಮೈಟನ್ನು ಮಣ್ಣಿಗೆ ಬೆರೆಸಿ, ಮುಂಗಾರುಪೂರ್ವ ಮಳೆ ತಾಗಲು 2–3 ವಾರ ಬಿಡಬೇಕು. ಸುಣ್ಣ ಹಾಕಿದ ದಿನವೇ ಯೂರಿಯಾ, ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿಯುವುದೇ ಅದರ ಗುರುತು.

ನೆಡುವ ಮೊದಲು ಗುಂಡಿಗೆ ಮೇಲ್ಮಣ್ಣಿನ ಜೊತೆ ಬೆರೆಸಬೇಕಾದದ್ದು: ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 3–5 ಕೆ.ಜಿ., ಬೇವಿನ ಹಿಂಡಿ 100 ಗ್ರಾಂ, ಸಿಂಗಲ್ ಸೂಪರ್ ಫಾಸ್ಫೇಟ್ 100 ಗ್ರಾಂ. ಹುಳಿಮಣ್ಣಾದರೆ ಸೂಪರ್ ಬದಲು ಶಿಲಾರಂಜಕ 150 ಗ್ರಾಂ ಹಾಕಿ. ಆ ಹುಳಿಯೇ ಅದನ್ನು ಮೆಲ್ಲನೆ ಕರಗಿಸಿಕೊಡುತ್ತದೆ. ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಶಿಲಾರಂಜಕ ವರ್ಷಗಟ್ಟಲೆ ಕಲ್ಲಿನ ಹಾಗೆಯೇ ಕುಳಿತಿರುತ್ತದೆ, ಅಲ್ಲಿಗೆ ಅದು ಸಲ್ಲದು. ಗುಂಡಿಗೆ ಯೂರಿಯಾ ಬೇಡ, ಡಿಎಪಿಯೂ ಬೇಡ. ಎಳೆ ಬೇರಿಗೆ ತಾಗಿದರೆ ಸುಡುತ್ತದೆ.

ಇಲ್ಲಿ ರಂಜಕಕ್ಕೆ ಇಷ್ಟು ಒತ್ತು ಏಕೆಂದರೆ, ಅದು ಮಣ್ಣಿನಲ್ಲಿ ಹರಿದಾಡುವುದಿಲ್ಲ. ಯೂರಿಯಾ ಮಳೆನೀರಿನ ಜೊತೆ ಇಳಿದು ಬೇರನ್ನು ಹುಡುಕಿಕೊಂಡು ಹೋಗುತ್ತದೆ. ರಂಜಕ ಬಿದ್ದಲ್ಲೇ ಇರುತ್ತದೆ, ಬೇರೇ ಅದರ ಬಳಿಗೆ ಬರಬೇಕು. ಮೂರು ವರ್ಷದ ಗಿಡಕ್ಕೆ ಮೇಲೆ ಎರಚಿದ ಸೂಪರ್ ಮೇಲಿನ ಒಂದೆರಡು ಅಂಗುಲದಲ್ಲೇ ಉಳಿದು ಕಳೆಗೆ ಸಿಗುತ್ತದೆ. ಬೇರಿನ ವಲಯಕ್ಕೇ ರಂಜಕ ಇಡುವ ಅವಕಾಶ ಸಿಗುವುದು ಗುಂಡಿ ತೆರೆದಿರುವಾಗ, ಒಂದೇ ಸಲ. ಸೂಪರ್‌ನಲ್ಲಿ ರಂಜಕ ಶೇ 16 ಇದ್ದರೂ ಜೊತೆಗೆ ಶೇ 11ರಷ್ಟು ಗಂಧಕ, ಧಾರಾಳವಾಗಿ ಸುಣ್ಣಾಂಶ ಬರುತ್ತದೆ. ಡಿಎಪಿಯಲ್ಲಿ ಇವೆರಡೂ ಇಲ್ಲ. ತೇಗಕ್ಕೆ ಸೂಪರ್ ಮೇಲು ಎನ್ನುವುದು ಇದಕ್ಕೇ.

ಹಸಿ ಸಗಣಿ ಗೊಬ್ಬರ ಎಂದಿಗೂ ಬೇಡ. ಕೆಂಪುಮಣ್ಣಿನಲ್ಲಿ ಅದು ಗೆದ್ದಲನ್ನು ಕರೆಯುತ್ತದೆ, ಗೊಣ್ಣೆಹುಳುವಿನ ಮೊಟ್ಟೆ, ಮರಿಗಳನ್ನು ಹೊತ್ತು ತರುತ್ತದೆ. ಆಗಸ್ಟಿನಲ್ಲಿ ಸಸಿ ಬಾಡಿ, ಎಳೆದರೆ ಬೇರಿಲ್ಲದೆ ಕೈಗೆ ಬಂದರೆ ಗುಂಡಿಯ ಮಣ್ಣು ಕೆದಕಿ ನೋಡಿ: ‘ಸಿ’ ಹಾಗೆ ಮುದುಡಿದ ಬಿಳಿ ಹುಳು ಸಿಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಪುಡಿಯಾಗುವ, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರುವ ಗೊಬ್ಬರವೇ ಆಗಬೇಕು.

ಮೇಲುಗೊಬ್ಬರ: ಮೊದಲ ಮೂರು ವರ್ಷ

ಕೆಂಪುಮಣ್ಣಿನಲ್ಲಿ 3×3 ಮೀಟರ್ ಅಂತರದ, ಎಕರೆಗೆ 444 ಗಿಡಗಳ ತೇಗ ಅಥವಾ ಹೆಬ್ಬೇವಿಗೆ ಈ ಲೆಕ್ಕ. ಮೊದಲ ವರ್ಷ ಗಿಡವೊಂದಕ್ಕೆ ಯೂರಿಯಾ 50 ಗ್ರಾಂ, ಪೊಟ್ಯಾಷ್ 40 ಗ್ರಾಂ, ಎರಡು ಕಂತಿನಲ್ಲಿ. ರಂಜಕ ಗುಂಡಿಯಲ್ಲೇ ಇದೆ. ಎರಡನೆಯ ವರ್ಷ ಯೂರಿಯಾ 60, ಸೂಪರ್ 100, ಪೊಟ್ಯಾಷ್ 40 ಗ್ರಾಂ. ಮೂರನೆಯ ವರ್ಷ ಯೂರಿಯಾ 100, ಸೂಪರ್ 150, ಪೊಟ್ಯಾಷ್ 60 ಗ್ರಾಂ. ಸೂಪರ್ ಪೂರ್ತಿಯಾಗಿ ಮೊದಲ ಕಂತಿನಲ್ಲಿ, ಯೂರಿಯಾ ಮತ್ತು ಪೊಟ್ಯಾಷ್ ಅರ್ಧರ್ಧ. ಎಕರೆಗೆ ಲೆಕ್ಕ ಹಾಕಿದರೆ ಮೊದಲ ವರ್ಷ ಯೂರಿಯಾ 22 ಕೆ.ಜಿ., ಅಂದರೆ ಈಗಿನ 45 ಕೆ.ಜಿ. ಚೀಲದಲ್ಲಿ ಅರ್ಧ, ಮೂರನೆಯ ವರ್ಷ ಸರಿಯಾಗಿ ಒಂದು ಚೀಲ. ಇದಕ್ಕಿಂತ ಹೆಚ್ಚು ಬೇಕು ಅನ್ನಿಸಿದರೆ ಮೊದಲು ಕಳೆ ನೋಡಿ, ನೀರು ನೋಡಿ.

ಗೊಬ್ಬರ ಹಾಕುವ ದಿನಕ್ಕೆ ಮಳೆ ನಕ್ಷತ್ರದ ಲೆಕ್ಕವೇ ಹತ್ತಿರ. ಬಯಲುಸೀಮೆಯಲ್ಲಿ ಆರಿದ್ರಾ ಮಳೆಗೆ ನೆಟ್ಟರೆ ಸಸಿ ಬೇರು ಹಿಡಿದು ಹೊಸ ಎರಡು ಜೊತೆ ಎಲೆ ಬಿಟ್ಟಿರುವುದು ಆಶ್ಲೇಷದ ಹೊತ್ತಿಗೆ. ಅದು ಮೊದಲ ಕಂತು. ಎರಡನೆಯದು ಉತ್ತರೆ-ಹಸ್ತದ ನಡುವೆ, ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ. ಮಲೆನಾಡು, ಕರಾವಳಿಯಲ್ಲಿ ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಚೀಲ ಬಿಚ್ಚಲೇಬಾರದು. ಹಾಕಿದ್ದು ಹಳ್ಳ ಸೇರುತ್ತದೆ. ಅಲ್ಲಿ ಎರಡನೆಯ ವರ್ಷದಿಂದ ಮೊದಲ ಕಂತನ್ನು ಜೂನ್ ಆರಂಭದ ಹದಮಳೆಗೆ, ಎರಡನೆಯದನ್ನು ಮಳೆ ಇಳಿದ ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಹಾಕುವ ದಿನ ಮಣ್ಣು ಒಂದು ಗೇಣು ಆಳದವರೆಗೆ ತೇವವಾಗಿರಬೇಕು, ಎಲೆಯ ಮೇಲೆ ನೀರು ಇರಬಾರದು.

ಕಳೆ ತೆಗೆಯದೆ ಹಾಕಿದ ಗೊಬ್ಬರ ಕಳೆಗೇ ಹೋಗುತ್ತದೆ. ಇದು ತೋಪುಗಳಲ್ಲಿ ಕಾಣುವ ಅತಿ ದೊಡ್ಡ ನಷ್ಟ. ಹುಲ್ಲಿನ ಬೇರು ಮೇಲಿನ ಗೇಣು ಮಣ್ಣಿನಲ್ಲಿ ಹೆಣೆದುಕೊಂಡಿರುತ್ತದೆ; ಯೂರಿಯಾ ಸಿಕ್ಕ ಹದಿನೈದು ದಿನಕ್ಕೆ ಹುಲ್ಲು ಮೊಣಕಾಲುದ್ದ ಆಗುತ್ತದೆ, ಸಸಿಯ ಬಿಸಿಲನ್ನೂ ನೀರನ್ನೂ ಕಿತ್ತುಕೊಳ್ಳುತ್ತದೆ, ಒಣಗಿದ ಮೇಲೆ ಬೆಂಕಿಗೆ ಸೌದೆಯಾಗುತ್ತದೆ. ಪಾರ್ಥೇನಿಯಂ, ಲಂಟಾನ ತುಂಬಿದ ತೋಪಿನಲ್ಲಿ ಗೊಬ್ಬರ ಹಾಕದಿರುವುದೇ ಹಾಕಿದ್ದಕ್ಕಿಂತ ಮೇಲು. ಗಿಡದ ಸುತ್ತ ಒಂದು ಮೀಟರ್ ಅಗಲಕ್ಕೆ ಕೆತ್ತಿ, ಕೆತ್ತಿದ ಕಳೆಯನ್ನು ಅಲ್ಲೇ ಮುಚ್ಚಿಗೆಗೆ ಇಟ್ಟುಕೊಂಡು, ಮರುದಿನ ಗೊಬ್ಬರ ಹಾಕಿ.

ಕೈಕೆಲಸ ಹೀಗೆ. ಒಂದು ಪ್ಲಾಸ್ಟಿಕ್ ಲೋಟದಲ್ಲಿ 25 ಗ್ರಾಂ ಯೂರಿಯಾವನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಕಾಳು ನಿಂತ ಮಟ್ಟಕ್ಕೆ ಗೆರೆ ಎಳೆದು, ಗೆರೆಗೆ ಸರಿಯಾಗಿ ಲೋಟವನ್ನು ಕತ್ತರಿಸಿ. ಪೊಟ್ಯಾಷ್‌ಗೆ ಬೇರೆ ಲೋಟ, ಸೂಪರ್‌ಗೆ ಬೇರೆ ಲೋಟ. ಯೂರಿಯಾ ಹಗುರ, ಸೂಪರ್ ಭಾರ. ಒಂದೇ ಲೋಟದಲ್ಲಿ ಎಲ್ಲವನ್ನೂ ಅಳೆದರೆ ತೂಕ ಏರುಪೇರಾಗುತ್ತದೆ. ಸಾಲಿನಲ್ಲಿ 21 ಗಿಡ ಇದ್ದರೆ ಒಂದು ಸಾಲಿಗೆ ಯೂರಿಯಾ 525 ಗ್ರಾಂ, ಪೊಟ್ಯಾಷ್ 420 ಗ್ರಾಂ ಮೊದಲೇ ತೂಗಿ ಪೊಟ್ಟಣ ಕಟ್ಟಿಕೊಡಿ. ಸಾಲು ಮುಗಿದಾಗ ಪೊಟ್ಟಣದಲ್ಲಿ ಮಿಕ್ಕಿದರೆ ಎಲ್ಲೋ ಗಿಡ ತಪ್ಪಿದೆ, ಸಾಲದೆ ಬಂದರೆ ಕೈ ಜೋರಾಗಿದೆ. ಆಳು ಯಾರೇ ಇರಲಿ, ಈ ಪೊಟ್ಟಣದ ಲೆಕ್ಕ ತಪ್ಪನ್ನು ಅಲ್ಲೇ ತೋರಿಸುತ್ತದೆ.

ಮೊದಲ ವರ್ಷ ಕಾಂಡದಿಂದ 20–25 ಸೆಂ.ಮೀ., ಎರಡನೆಯ ವರ್ಷ 50–60 ಸೆಂ.ಮೀ., ಮೂರನೆಯ ವರ್ಷ ಸುಮಾರು ಒಂದು ಮೀಟರ್ ದೂರದಲ್ಲಿ, ಅಂದರೆ ನಡುಮಧ್ಯಾಹ್ನ ನೆತ್ತಿಯ ನೆರಳಿನ ಅಂಚು ಬೀಳುವಲ್ಲಿ, 8–10 ಸೆಂ.ಮೀ. ಆಳದ ಉಂಗುರ ಗೆರೆ ತೆಗೆಯಿರಿ. ಇಳಿಜಾರಾದರೆ ಪೂರ್ತಿ ಉಂಗುರ ಬೇಡ. ಮೇಲುಬದಿಗೆ ಅರ್ಧಚಂದ್ರ ಸಾಕು, ನೀರು ಅದನ್ನು ಬೇರಿನ ಕಡೆಗೇ ಇಳಿಸುತ್ತದೆ. ಗೊಬ್ಬರವನ್ನು ಗೆರೆಯುದ್ದಕ್ಕೂ ತೆಳುವಾಗಿ ಉದುರಿಸಿ, ಕೂಡಲೇ ಮಣ್ಣು ಮುಚ್ಚಿ, ಕಾಲಲ್ಲಿ ಮೆಲ್ಲಗೆ ಒತ್ತಿ, ಮೇಲೆ ಕೆತ್ತಿದ ಕಳೆ ಹಾಸಿ. ಒಂದೇ ಕಡೆ ಮುಷ್ಟಿಯಷ್ಟು ಸುರಿದರೆ ಆ ಬದಿಯ ಬೇರು ಸುಟ್ಟು, ಅದೇ ಬದಿಯ ಎಲೆ ಅಂಚಿನಿಂದ ಒಣಗಿ ಬರುತ್ತದೆ.

ಮುಚ್ಚುವುದು ಏಕೆ ಮುಖ್ಯವೆಂದರೆ, ನೆಲದ ಮೇಲೆ ಬಿದ್ದ ಯೂರಿಯಾವನ್ನು ಮಣ್ಣು ಮತ್ತು ತರಗೆಲೆಯಲ್ಲಿರುವ ಕಿಣ್ವ ಕೆಲವೇ ದಿನಗಳಲ್ಲಿ ಅಮೋನಿಯಾ ಮಾಡಿಬಿಡುತ್ತದೆ. ಮಳೆ ಬಂದು ಒಳಗಿಳಿಸಿದರೆ ಸರಿ. ಬಿಸಿಲು ಕಾದರೆ ಅದು ಗಾಳಿಗೆ ಹೋಗುತ್ತದೆ. ತರಗೆಲೆಯ ಮೇಲೆ ಎರಚಿದ ಯೂರಿಯಾ ಬರೀ ಮಣ್ಣಿನ ಮೇಲಿನದಕ್ಕಿಂತ ಬೇಗ ನಷ್ಟವಾಗುತ್ತದೆ. ಬೇವು ಲೇಪಿತ ಯೂರಿಯಾ ಈ ನಷ್ಟವನ್ನು ತಡೆಯುವುದಿಲ್ಲ. ಅದರ ಕೆಲಸ ಮುಂದಿನ ಹಂತದ್ದು, ಸಾರಜನಕ ನೈಟ್ರೇಟ್ ಆಗಿ ಇಳಿದುಹೋಗುವುದನ್ನು ನಿಧಾನಿಸುವುದು.

ಯೂರಿಯಾ, ಸೂಪರ್ ಬೆರೆಸಿ ರಾತ್ರಿಯಿಟ್ಟರೆ ಬೆಳಿಗ್ಗೆಗೆ ಅಂಟಂಟು ಮುದ್ದೆಯಾಗಿರುತ್ತದೆ. ಅಂದಂದಿನದನ್ನು ಅಂದೇ ಬೆರೆಸಿ. ಸತುವಿನ ಸಲ್ಫೇಟನ್ನು ಸೂಪರ್ ಜೊತೆ ಸೇರಿಸಲೇಬೇಡಿ, ಎರಡೂ ಕಚ್ಚಿಕೊಂಡು ಗಿಡಕ್ಕೆ ಸಿಗದ ಹಾಗಾಗುತ್ತವೆ.

ಎಲೆ ಹೇಳುವುದು

ಕೊರತೆ ಹಳೆಯ ಎಲೆಯಲ್ಲಿ ಮೊದಲು ಕಂಡಿತೇ, ಚಿಗುರಿನಲ್ಲೇ ಕಂಡಿತೇ ಎಂಬುದು ಮೊದಲ ಪ್ರಶ್ನೆ. ಗಿಡದೊಳಗೆ ಓಡಾಡುವ ಅಂಶ ಕಡಿಮೆಯಾದಾಗ ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಸೊರಗುತ್ತದೆ. ಕೆಳಗಿನ ಎಲೆಗಳು ಒಂದೇ ಸಮನೆ ಹಳದಿಯಾದರೆ ಸಾರಜನಕ. ಅಂಚು ಮಾತ್ರ ಸುಟ್ಟಂತಿದ್ದರೆ ಪೊಟ್ಯಾಷ್. ನರ ಹಸಿರಾಗಿ ನಡುವೆ ಹಳದಿಯಾದರೆ ಮೆಗ್ನೀಸಿಯಂ. ಎಲೆ ಚಿಕ್ಕದಾಗಿ ಕಡುಹಸಿರು-ನೇರಳೆಗೆ ತಿರುಗಿ ಗಿಡ ನಿಂತಲ್ಲೇ ನಿಂತರೆ ರಂಜಕ. ಚಿಗುರೇ ನರ ಹಸಿರು, ಮೈ ಬಿಳಿಹಳದಿಯಾದರೆ ಕಬ್ಬಿಣ. ಸುಣ್ಣದ ಕಪ್ಪುಮಣ್ಣಿನಲ್ಲಿ ಹೆಬ್ಬೇವಿಗೆ ಹೀಗಾಗುತ್ತದೆ. ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿದರೆ ಸಣ್ಣ ಗಿಡ ಚೇತರಿಸಿಕೊಳ್ಳುತ್ತದೆ; ಮರವಾದ ಮೇಲೆ ಸಿಂಪಡಣೆ ಆಗದ ಮಾತು. ತುದಿಯ ಎಲೆ ಪುಟ್ಟಪುಟ್ಟದಾಗಿ ಗೊಂಚಲು ಕಟ್ಟಿದರೆ ಸತು; ಮಳೆಗಾಲದಲ್ಲಿ ಗಿಡವೊಂದಕ್ಕೆ 10–15 ಗ್ರಾಂ ಸತುವಿನ ಸಲ್ಫೇಟ್, ಸೂಪರ್ ಹಾಕಿದ ಹದಿನೈದು ದಿನದ ನಂತರ.

ಬೋರಾನ್ ಬೇರೆಯಾಗಿಯೇ ಹೇಳಬೇಕಾದದ್ದು, ಏಕೆಂದರೆ ಅದು ದಿಮ್ಮಿಯ ಬೆಲೆಯನ್ನೇ ಕೆಡಿಸುತ್ತದೆ. ಕೊರತೆಯಿದ್ದ ಗಿಡ ಮಳೆಗಾಲದಲ್ಲಿ ಚೆನ್ನಾಗಿಯೇ ಇರುತ್ತದೆ. ಜನವರಿಯ ಒಣಹವೆಗೆ ನೆತ್ತಿಯ ಸುಳಿ ಕಪ್ಪಾಗಿ ಸಾಯುತ್ತದೆ. ಮುಂದಿನ ಮಳೆಗೆ ಸುಳಿಯ ಕೆಳಗಿನಿಂದ ಎರಡು-ಮೂರು ಕವಲು ಒಟ್ಟಿಗೆ ಏಳುತ್ತವೆ, ಮರ ಕವೆಯಾಗುತ್ತದೆ. ನೀಲಗಿರಿ ತೋಪುಗಳಲ್ಲಿ ಇದು ಜಗತ್ತಿನಾದ್ಯಂತ ಗುರುತಾದ ತೊಂದರೆ. ಇದಕ್ಕೆ ಗಿಡವೊಂದಕ್ಕೆ 10 ಗ್ರಾಂ ಬೋರಾಕ್ಸ್, ಎರಡನೆಯ ವರ್ಷದ ಮಳೆಗಾಲದ ಕೊನೆಯ ಕಂತಿನಲ್ಲಿ, ಉಂಗುರದುದ್ದಕ್ಕೂ ಹರಡಿ. 10 ಗ್ರಾಂ ಅಂದರೆ 10 ಗ್ರಾಂ. ಬೋರಾನ್‌ನಲ್ಲಿ ಸಾಕು ಎನ್ನುವುದಕ್ಕೂ ವಿಷ ಎನ್ನುವುದಕ್ಕೂ ನಡುವೆ ಜಾಗ ಕಡಿಮೆ. ಪರೀಕ್ಷೆಯಲ್ಲಿ ಕೊರತೆ ಕಾಣದ ಮಣ್ಣಿಗೆ ಹಾಕಲೇಬೇಡಿ.

ಎಲ್ಲ ಹಳದಿಯೂ ಹಸಿವಲ್ಲ. ಬುಡದಲ್ಲಿ ನೀರು ನಿಂತ ತೇಗ ಸಾರಜನಕದ ಕೊರತೆಯಂತೆಯೇ ಹಳದಿಯಾಗುತ್ತದೆ. ಕಾಲುವೆ ಬಿಡಿಸಿದರೆ ತಾನೇ ಹಸಿರಾಗುತ್ತದೆ. ಎಲೆ ಜಾಲರಿಯಂತೆ ನರ ಮಾತ್ರ ಉಳಿದಿದ್ದರೆ ಅದು ಎಲೆ ಕೆರೆದು ತಿನ್ನುವ ಹುಳುವಿನ ಕೆಲಸ. ಅದಕ್ಕೆ ಯೂರಿಯಾ ಕೊಟ್ಟರೆ ಮೆತ್ತನೆಯ ಹೊಸ ಚಿಗುರನ್ನು ಹುಳುವಿಗೇ ಬಡಿಸಿದಂತೆ.

ಮರ ನೋಡಿ ಗೊಬ್ಬರ

ಹೆಬ್ಬೇವಿಗೆ ಸಾರಜನಕ ಹೆಚ್ಚಾದರೆ ಅದು ಕಡ್ಡಿಯಂತೆ ಉದ್ದಕ್ಕೆ ಓಡುತ್ತದೆ, ಕಾಂಡ ತಾಳದೆ ಬಾಗುತ್ತದೆ, ಮುಂಗಾರಿನ ಗಾಳಿಗೆ ಮುರಿಯುತ್ತದೆ. ಪ್ಲೈವುಡ್‌ಗೆ ಹೋಗುವ ಮರಕ್ಕೆ ನೇರ ಕಾಂಡವೇ ಬೆಲೆ. ಪೊಟ್ಯಾಷ್ ಬಿಟ್ಟು ಬರೀ ಯೂರಿಯಾ ಕೊಡುವ ಅಭ್ಯಾಸ ಇಲ್ಲಿ ಹೆಚ್ಚು ಹಾನಿ ಮಾಡುತ್ತದೆ.

ಗಾಳಿಮರದ ಬೇರಿನ ಗಂಟಿನಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಾಣು ಇದ್ದು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಅಕೇಶಿಯಾ, ಬೀಟೆ, ಹೊನ್ನೆ ದ್ವಿದಳ ಜಾತಿ. ಅವಕ್ಕೆ ಇದೇ ಕೆಲಸ ಮಾಡುವ ರೈಜೋಬಿಯಂ ಎಂಬ ಸೂಕ್ಷ್ಮಾಣು ಇದೆ. ಇವಕ್ಕೆಲ್ಲ ಯೂರಿಯಾ ಕೊಟ್ಟರೆ ಗಂಟು ಕಟ್ಟುವುದೇ ನಿಲ್ಲುತ್ತದೆ. ರಂಜಕ ಕೊಡಿ, ಸಾಕು. ಗಾಳಿಮರದ ಸಸಿಯನ್ನು ನರ್ಸರಿಯಲ್ಲಿ ಚೀಲ ಹರಿದು ನೋಡಿ ಕೊಳ್ಳಿ: ಬೇರಿನಲ್ಲಿ ಹವಳದಂಥ ಸಣ್ಣ ಗಂಟುಗೊಂಚಲು ಇರಬೇಕು. ಇಲ್ಲದಿದ್ದರೆ ಹಳೆಯ ಗಾಳಿಮರದ ಬುಡದ ಗಂಟುಗಳನ್ನು ಜಜ್ಜಿ ನೀರಿನಲ್ಲಿ ಕದಡಿ ಸಸಿಗಳಿಗೆ ಎರೆಯಬೇಕು.

ಕಾಫಿ ತೋಟದ ಸಿಲ್ವರ್ ಓಕ್ ಇದಕ್ಕೆ ತಿರುಗುಮುರುಗು. ಬಡ ಮಣ್ಣಿನಿಂದಲೂ ರಂಜಕ ಹಿಂಡಿಕೊಳ್ಳಲು ಅದಕ್ಕೆ ಕುಂಚದಂಥ ಬೇರುಗೊಂಚಲುಗಳಿವೆ. ರಂಜಕ ಅತಿಯಾದರೆ ಅದಕ್ಕೇ ನಂಜು. ಕಾಫಿಗೆ ಹಾಕಿದ್ದರಲ್ಲಿ ಅದು ತನ್ನ ಪಾಲು ತೆಗೆದುಕೊಳ್ಳುತ್ತದೆ, ಬೇರೆ ಬೇಡ.

ಶ್ರೀಗಂಧ ಅರೆಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರು, ಪೋಷಕಾಂಶ ಹೀರುತ್ತದೆ. ಶ್ರೀಗಂಧಕ್ಕೆ ಗೊಬ್ಬರ ಹಾಕುವುದೆಂದರೆ ಆಸರೆ ಗಿಡಕ್ಕೆ, ತೊಗರಿಗೋ ಗಾಳಿಮರಕ್ಕೋ, ಹಾಕುವುದು. ಗಂಧದ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಬೇಕಿಲ್ಲ.

ಬಿಡಿಸಿದ ಮೇಲೆ

ತೇಗದಲ್ಲಿ ನೆತ್ತಿ ಕೂಡಿ, ಕೆಳಗಿನ ಕೊಂಬೆ ತಾನಾಗಿ ಒಣಗುತ್ತಾ, ಕಾಂಡದ ದಪ್ಪ ನಿಂತಿತು ಅನ್ನಿಸಿದಾಗ ಬೇಕಾಗಿರುವುದು ಗೊಬ್ಬರವಲ್ಲ, ಜಾಗ. ಸೊರಗಿದ, ಡೊಂಕಾದ, ಕವೆಯಾದವುಗಳನ್ನು ತೆಗೆದು ಎಕರೆಗೆ 220ರಷ್ಟು ಉಳಿಸಿ. ಬಿಡಿಸಿದ ಮುಂದಿನ ಮಳೆಗಾಲದಲ್ಲಿ ಮರವೊಂದಕ್ಕೆ ಯೂರಿಯಾ 200, ಸೂಪರ್ 200, ಪೊಟ್ಯಾಷ್ 100 ಗ್ರಾಂ, ಎರಡು ಮರಗಳ ನಡುವಿನ ಗೆರೆಯಲ್ಲಿ, ತರಗೆಲೆ ಸರಿಸಿ ಮಣ್ಣಿಗೆ ತಾಗುವ ಹಾಗೆ ಹಾಕಿ, ಮತ್ತೆ ತರಗೆಲೆ ಮುಚ್ಚಿ. ಬಿಡಿಸದೆ ಹಾಕಿದರೆ ಕೊಬ್ಬಿದ ಮರ ಇನ್ನಷ್ಟು ಕೊಬ್ಬಿ, ಬಡವಾದದ್ದು ಸಾಯುತ್ತದೆ. ಒಟ್ಟು ಮರಮುಟ್ಟು ಅಷ್ಟೇ ಇರುತ್ತದೆ.

ಸ್ವೀಡನ್‌ನಲ್ಲಿ ಪೈನ್ ಕಾಡಿಗೆ ಕಡಿಯುವ ಹತ್ತು ವರ್ಷ ಮೊದಲು ಹೆಕ್ಟೇರಿಗೆ 150 ಕೆ.ಜಿ. ಸಾರಜನಕ ಹಾಕುವ ರೂಢಿಯಿದೆ; ಅಮೆರಿಕದ ದಕ್ಷಿಣ ರಾಜ್ಯಗಳ ಪೈನ್ ತೋಪಿನಲ್ಲಿ ನಡುಪ್ರಾಯಕ್ಕೆ ಸುಮಾರು 225 ಕೆ.ಜಿ. ಸಾರಜನಕ, 28 ಕೆ.ಜಿ. ರಂಜಕ. ಮೇಲೆ ಹೇಳಿದ ಪ್ರಮಾಣ ಹೆಕ್ಟೇರಿಗೆ ಸುಮಾರು 50 ಕೆ.ಜಿ. ಸಾರಜನಕ ಮಾತ್ರ. ಕಾರಣ ಇದೆ. ಚಳಿಯ ನಾಡಿನಲ್ಲಿ ಪೈನ್‌ನ ಸೂಜಿಯೆಲೆ ಕೊಳೆಯದೆ ದಶಕಗಟ್ಟಲೆ ರಾಶಿಯಾಗಿ, ಸಾರಜನಕ ಅದರೊಳಗೇ ಬೀಗ ಹಾಕಿಕೊಂಡು ಕುಳಿತಿರುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಬಿದ್ದ ತೇಗದ ಎಲೆಯ ಬಹುಪಾಲು ಅದೇ ಮಳೆಗಾಲದಲ್ಲಿ ಕರಗುತ್ತದೆ. ಹೊರಗಿನ ಅಂಕಿಯನ್ನು ಇಲ್ಲಿಗೆ ತಂದರೆ ಹೆಚ್ಚಾದದ್ದು ಬಾವಿ ನೀರಿಗೆ ನೈಟ್ರೇಟ್ ಆಗಿ ಇಳಿಯುತ್ತದೆ.

ತರಗೆಲೆ, ತೊಗಟೆ, ಬೆಂಕಿ

ಉತ್ತರ ಕನ್ನಡ, ಶಿವಮೊಗ್ಗದ ಸೊಪ್ಪಿನಬೆಟ್ಟಗಳಲ್ಲಿ ದರಕು (ಒಣ ತರಗೆಲೆ) ಗುಡಿಸಿ, ಹಸಿಸೊಪ್ಪು ಕಡಿದು ಅಡಿಕೆ ತೋಟಕ್ಕೆ ಹಾಕುತ್ತಾರೆ. ಅಡಿಕೆಗೆ ಅದು ಅಮೃತ, ಬೆಟ್ಟಕ್ಕೆ ಸಾಲ. ಜರ್ಮನಿಯ ಅರಣ್ಯವಿಜ್ಞಾನಿ ಎರ್ನ್ಸ್ಟ್ ಎಬರ್‌ಮೇಯರ್ 1876ರಷ್ಟು ಹಿಂದೆಯೇ ಕಾಡಿನ ತರಗೆಲೆ ಒಯ್ದರೆ ಮರದ ಬೆಳವಣಿಗೆ ಕುಗ್ಗುತ್ತದೆ ಎಂದು ಲೆಕ್ಕ ಸಮೇತ ತೋರಿಸಿದ್ದರು. ಅದರಲ್ಲೂ ಹಸಿಸೊಪ್ಪು ಕಡಿಯುವುದು ಒಣ ದರಕು ಗುಡಿಸುವುದಕ್ಕಿಂತ ದುಬಾರಿ. ಮರ ಇನ್ನೂ ವಾಪಸ್ ಎಳೆದುಕೊಳ್ಳದ ಸಾರಜನಕ, ರಂಜಕವೆಲ್ಲ ಅದರ ಜೊತೆ ಹೋಗುತ್ತದೆ. ಸೊಪ್ಪು ಬೇಕೇಬೇಕು ಎನ್ನುವವರು ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಿಂದ ಮಾತ್ರ ಒಣ ದರಕು ತೆಗೆಯಲಿ. ಹಸಿಸೊಪ್ಪಿಗೆ ಬೇಲಿಯುದ್ದಕ್ಕೂ ಗೊಬ್ಬರದ ಗಿಡ ನೆಡಲಿ.

ಸ್ವಂತ ತೋಪಿನಲ್ಲಿ ಮೊದಲೆರಡು ವರ್ಷ ಸಾಲಿನ ನಡುವೆ ಹುರುಳಿ ಅಥವಾ ಅಪ್ಸೆಣಬು ಬಿತ್ತಿ. ಗಿಡದಿಂದ 60 ಸೆಂ.ಮೀ. ದೂರ ಬಿಡಿ, ಹೂ ಬರುವ ಹೊತ್ತಿಗೆ ಕೊಯ್ದು ಪಾತಿಗೆ ಹಾಸಿ. ಕಾಯಿ ಕಟ್ಟಲು ಬಿಟ್ಟರೆ ಸಾರಜನಕ ಬೀಜಕ್ಕೆ ಹೋಗುತ್ತದೆ.

ಕಡಿಯುವಾಗ ತೊಗಟೆ, ಎಲೆ, ಸಣ್ಣ ರೆಂಬೆ ತೋಪಿನಲ್ಲೇ ಉಳಿಯಲಿ. ತೇಗ, ನೀಲಗಿರಿಯ ತೊಗಟೆಯಲ್ಲಿ ಕಾಂಡಕ್ಕಿಂತ ಹಲವು ಪಟ್ಟು ಸುಣ್ಣಾಂಶ ಇರುತ್ತದೆ. ಸುಲಿಯದೆ ಲಾರಿಗೆ ಏರಿಸಿದರೆ ಮುಂದಿನ ತೋಪಿಗೆ ಸುಣ್ಣವನ್ನು ದುಡ್ಡು ಕೊಟ್ಟು ತರಬೇಕು. ಉಳಿದ ರೆಂಬೆಯನ್ನು ರಾಶಿ ಮಾಡಿ ಸುಡುವುದೂ ತಪ್ಪೇ. ಬೆಂಕಿಗೆ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತದೆ. ಜನವರಿಯಲ್ಲೇ ತೋಪಿನ ಸುತ್ತ 3 ಮೀಟರ್ ಅಗಲ ಬೆಂಕಿಗೆರೆ ಕೆತ್ತಿಸಿದರೆ ಒಂದು ಚೀಲ ಯೂರಿಯಾಗಿಂತ ಹೆಚ್ಚು ಉಳಿಯುತ್ತದೆ.

ದೇವರಕಾಡು, ಕಾನು, ಶೋಲಾದಂಥ ಸಹಜ ಕಾಡಿಗೆ ರಾಸಾಯನಿಕ ಗೊಬ್ಬರ ಬೇಡವೇ ಬೇಡ. ಅಲ್ಲಿನ ಗಿಡಮರ ಬಡ ಮಣ್ಣಿಗೇ ಒಗ್ಗಿ, ಬೇರಿನ ಶಿಲೀಂಧ್ರಗಳ ಜೊತೆ ಹಂಚಿಕೊಂಡು ಬದುಕುತ್ತವೆ. ಸಾರಜನಕ ಸಿಕ್ಕರೆ ಗೆಲ್ಲುವುದು ಹುಲ್ಲು, ಲಂಟಾನ, ಬಳ್ಳಿ. ಸವಕಳಿಯಾದ ಕಾಡಿಗೆ ದನ, ಬೆಂಕಿ ತಡೆದು ಇಂಗುಗುಂಡಿ ತೆಗೆದರೆ ಸಾಕು.

ಫಲ ಬಂತೇ ಎಂದು ಅಳೆಯುವುದು

ಕಣ್ಣಳತೆ ಮೋಸ ಮಾಡುತ್ತದೆ. ಎಲೆ ಹಸಿರಾದರೆ ಮರ ಬೆಳೆಯಿತು ಎಂದಲ್ಲ. ತೋಪಿನ ನಡುವೆ, ಅಂಚಿನ ಸಾಲು ಬಿಟ್ಟು, ನಾಲ್ಕು ಸಾಲನ್ನು ಗೊಬ್ಬರ ಹಾಕದೆ ಉಳಿಸಿ. ಆ ನಾಲ್ಕರಲ್ಲಿ ಒಳಗಿನ ಎರಡು ಸಾಲಿನ 20 ಮರ, ಗೊಬ್ಬರ ಹಾಕಿದ ಕಡೆ 20 ಮರ ಆರಿಸಿ. ಪಕ್ಕದ ಸಾಲಿನ ಬೇರು ಒಳಗೆ ನುಗ್ಗುವುದರಿಂದ ಹೊರಗಿನ ಎರಡು ಸಾಲು ಲೆಕ್ಕಕ್ಕಿಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ದರ್ಜಿಯ ಟೇಪಿನಿಂದ ಆ ಗೆರೆಯ ಮೇಲೆಯೇ ಪ್ರತಿ ಜನವರಿಯಲ್ಲಿ ಸುತ್ತಳತೆ ಬರೆದಿಡಿ. ಇಳಿಜಾರಿನಲ್ಲಿ ಮೇಲುಬದಿಯಲ್ಲಿ ನಿಂತು ಅಳೆಯಬೇಕು.

ಸುತ್ತಳತೆಯ ಸಣ್ಣ ಅಂತರವೂ ದೊಡ್ಡದು. ಹಾಕದ ಮರ 40 ಸೆಂ.ಮೀ., ಹಾಕಿದ್ದು 44 ಸೆಂ.ಮೀ. ಇದ್ದರೆ ಸುತ್ತಳತೆಯಲ್ಲಿ ಶೇ 10 ಹೆಚ್ಚು, ಆದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇ 21 ಹೆಚ್ಚು. ಎರಡು ವರ್ಷ ಅಳೆದರೂ ಎರಡೂ ಕಡೆಯ ಸರಾಸರಿ ಒಂದೇ ಬಂದರೆ ಆ ಮಣ್ಣಿಗೆ ಆ ಗೊಬ್ಬರ ಬೇಕಿರಲಿಲ್ಲ. ಮುಂದಿನ ವರ್ಷ ಚೀಲ ತರುವ ದುಡ್ಡಿನಲ್ಲಿ ಕಳೆ ತೆಗೆಸಿ, ಬಣ್ಣದ ಗೆರೆಯನ್ನು ಮಾತ್ರ ಅಳಿಸಬೇಡಿ. ಮರ ಬಿಡಿಸಿದ ಮೇಲೆ ಅದೇ ಗೆರೆಯಿಂದ ಅಳತೆ ಮತ್ತೆ ಶುರುವಾಗುತ್ತದೆ.